ಬೇಕಾದುದಕ್ಕಿಂತ ದೊಡ್ಡ ಬೋಗುಣಿ

2020ರ ಡಿಸೆಂಬರ್ 1ರ ಬೆಳಿಗ್ಗೆ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ, ಅರೆಸಿಬೊ ವೀಕ್ಷಣಾಲಯದ ಸುಮಾರು 900 ಟನ್ ತೂಕದ ಉಪಕರಣ ವೇದಿಕೆಯನ್ನು ಹೊತ್ತಿದ್ದ ಉಕ್ಕಿನ ಹಗ್ಗಗಳು ಕಡಿದವು. ವೇದಿಕೆ ಕೆಳಗಿನ 305 ಮೀಟರ್ ಅಗಲದ ಬೋಗುಣಿಯ ಮೇಲೆ ಬಿದ್ದು ಅದನ್ನು ಹರಿದುಹಾಕಿತು. ಆ ವಾರ ಬಂದ ಶ್ರದ್ಧಾಂಜಲಿ ಲೇಖನಗಳು ಅನೇಕ. 1974ರಲ್ಲಿ ಅನ್ಯಲೋಕದವರನ್ನು ಉದ್ದೇಶಿಸಿ ಅಲ್ಲಿಂದ ಕಳುಹಿಸಿದ ಸಂದೇಶವನ್ನು ಅವು ನೆನೆದವು. ಹಲ್ಸ್ ಮತ್ತು ಟೇಲರ್ ಅವರಿಗೆ ನೊಬೆಲ್ ತಂದುಕೊಟ್ಟ ಜೋಡಿ ನಕ್ಷತ್ರವನ್ನು ನೆನೆದವು. ಜೇಮ್ಸ್ ಬಾಂಡ್ ಚಿತ್ರ ‘ಗೋಲ್ಡನ್ ಐ’ಯನ್ನೂ ಮರೆಯಲಿಲ್ಲ. ಆ ಬೋಗುಣಿಯನ್ನು ಮೊದಲು ಕಲ್ಪಿಸಿದ್ದು ನಮ್ಮದೇ ಭೂಮಿಯ ಗಾಳಿಯ ಮೇಲಂಚನ್ನು, ಅಂದರೆ ಅಯಾನುಗೋಳವನ್ನು ನೋಡಲೆಂದು ಎಂಬ ಸಂಗತಿ ಬಂದಲ್ಲೆಲ್ಲ ಒಂದು ಸಾಲಿನಲ್ಲಿ ಬಂದು ಹೋಯಿತು. ಆ ಕೆಲಸಕ್ಕೆ ಅಷ್ಟು ದೊಡ್ಡ ಬೋಗುಣಿ ಬೇಕಾಗಿರಲಿಲ್ಲ ಎಂಬುದು, ಕಟ್ಟಡಕ್ಕೆ ಮೊದಲ ಗುದ್ದಲಿ ಬೀಳುವ ಮುನ್ನವೇ ತಿಳಿದುಹೋಗಿತ್ತು ಎಂಬುದಂತೂ ನನ್ನ ಕಣ್ಣಿಗೆ ಬಿದ್ದ ಬರಹಗಳಲ್ಲಿ ಎಲ್ಲಿಯೂ ಇರಲಿಲ್ಲ. ವಿಜ್ಞಾನದ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗಗಳಲ್ಲಿ ಅದು ಒಂದು.

ಅಯಾನುಗೋಳ ಇದೆಯೆಂಬ ಸುಳಿವು ದೊರೆತದ್ದು 1901ರಲ್ಲಿ. ಮಾರ್ಕೋನಿಯ ಸಂಕೇತ ಅಟ್ಲಾಂಟಿಕ್ ಸಾಗರವನ್ನು ದಾಟಿತು. ನೇರ ಗೆರೆಯಲ್ಲಿ ಸಾಗಬೇಕಾದ ತರಂಗ ಭೂಮಿಯ ಬೆನ್ನನ್ನು ಬಳಸಿ ಬಂದದ್ದು ಹೇಗೆ? ಮೇಲೆಲ್ಲೋ ಅದನ್ನು ಹಿಂದಿರುಗಿಸುವ ವಿದ್ಯುತ್ ಪದರವೊಂದು ಇರಬೇಕೆಂದು ಮರುವರ್ಷ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಊಹಿಸಿದರು. ಸೂರ್ಯನ ಅತಿನೇರಳೆ ಕಿರಣಗಳು ಮೇಲಿನ ತೆಳುಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುವುದರಿಂದ ಆ ಪದರ ಹುಟ್ಟುತ್ತದೆ. 1924ರ ಡಿಸೆಂಬರಿನಲ್ಲಿ ಎಡ್ವರ್ಡ್ ಆ್ಯಪಲ್ಟನ್ ಮತ್ತು ಮೈಲ್ಸ್ ಬಾರ್ನೆಟ್ ಬಿಬಿಸಿಯ ಬೋರ್ನ್‌ಮತ್ ಪ್ರಸಾರ ಕೇಂದ್ರವನ್ನು ಬಳಸಿಕೊಂಡು ಪದರದ ಎತ್ತರವನ್ನು ಅಳೆದರು. ಮರುವರ್ಷ ಅಮೆರಿಕದಲ್ಲಿ ಬ್ರೈಟ್ ಮತ್ತು ಟೂವ್ ಇನ್ನೂ ಸರಳವಾದ ಉಪಾಯ ಮಾಡಿದರು: ರೇಡಿಯೊ ತರಂಗವನ್ನು ತುಂಡುತುಂಡಾಗಿ ಮೇಲಕ್ಕೆ ಕಳುಹಿಸಿ, ಪ್ರತಿ ತುಂಡೂ ಮರಳಿ ಬರಲು ಹಿಡಿದ ಸಮಯವನ್ನು ಎಣಿಸಿದರು. ಮುಂದೆ ಯುದ್ಧಕಾಲದಲ್ಲಿ ವಿಮಾನಗಳನ್ನು ಹುಡುಕಿದ ರೇಡಾರ್‌ನ ಮೂಲತತ್ತ್ವ ಇದೇ. ಆಕಾಶದ ಪದರವನ್ನು ಅಳೆಯುವ ವಿದ್ಯೆಯೇ ಮೊದಲು ಬಂದದ್ದು, ವಿಮಾನ ಆಮೇಲೆ.

ಈ ವಿಧಾನದ ಯಂತ್ರಕ್ಕೆ ಅಯಾನೊಸೋಂಡ್ ಎಂದು ಹೆಸರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ನಮ್ಮ ದೆಹಲಿ, ಅಹಮದಾಬಾದ್, ಕೊಡೈಕನಾಲ್‌ಗಳೂ ಸೇರಿ ಜಗತ್ತಿನ ಹತ್ತಾರು ಕಡೆ ಅದು ಕೆಲಸ ಮಾಡುತ್ತಿತ್ತು. ಆದರೆ ಅದಕ್ಕೊಂದು ಮಿತಿಯಿತ್ತು. ತರಂಗದ ಕಂಪನಾಂಕ ಹೆಚ್ಚಿಸಿದಷ್ಟೂ ಅದು ಹೆಚ್ಚು ದಟ್ಟವಾದ ಪದರದವರೆಗೆ ಹೋಗಿ ತಿರುಗುತ್ತದೆ. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಎಲೆಕ್ಟ್ರಾನುಗಳ ದಟ್ಟಣೆ ಶಿಖರ ಮುಟ್ಟುತ್ತದೆ. ಅದನ್ನು ದಾಟಿದ ತರಂಗ ಮರಳುವುದಿಲ್ಲ, ಆಕಾಶಕ್ಕೆ ಹೊರಟುಹೋಗುತ್ತದೆ. ಹೀಗಾಗಿ ಶಿಖರದ ಆಚೆಯ ಇಳಿಜಾರು ನೆಲದ ಮೇಲಿನವರಿಗೆ ಕಾಣುತ್ತಲೇ ಇರಲಿಲ್ಲ. ಬೆಟ್ಟದ ಈ ಮಗ್ಗುಲಲ್ಲಿ ಹುಟ್ಟಿ ಬೆಳೆದವರಿಗೆ ಆ ಮಗ್ಗುಲು ಕಾಣದಿದ್ದಂತೆ. ರಾಕೆಟ್ಟು ಕೆಲವು ನಿಮಿಷ ಇಣುಕಿ ಬೀಳುತ್ತಿತ್ತು. ಸ್ಪುಟ್ನಿಕ್ ಹಾರಿ ಆಗ ಒಂದು ವರ್ಷವೂ ತುಂಬಿರಲಿಲ್ಲ.

1958ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕ ವಿಲಿಯಂ ಗಾರ್ಡನ್ ಬೇರೆಯೇ ದಾರಿಯನ್ನು ಯೋಚಿಸಿದರು. ತರಂಗ ಪೂರ್ತಿ ತಿರುಗಿ ಬರುವುದು ಬೇಡ. ಅದು ಅಯಾನುಗೋಳವನ್ನು ದಾಟಿ ಹೋಗುವಾಗ ದಾರಿಯಲ್ಲಿ ಸಿಗುವ ಒಂದೊಂದು ಎಲೆಕ್ಟ್ರಾನೂ ಅದರ ಅತಿಸಣ್ಣ ಪಾಲನ್ನು ಸುತ್ತಲೂ ಚದುರಿಸುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ, ಜೆ. ಜೆ. ಥಾಮ್ಸನ್‌ನ ಕಾಲದಿಂದಲೇ ಗೊತ್ತಿತ್ತು. ಆ ಚದುರಿದ ಪಾಲಿನಲ್ಲಿ ನೆಲಕ್ಕೆ ಮರಳಿದ್ದನ್ನು ಹಿಡಿದರೆ ಸಾಕು. ಶಿಖರದ ಈಚೆ, ಆಚೆ ಎಂಬ ಭೇದ ಅಲ್ಲಿಲ್ಲ.

ಆ ಪಾಲು ಎಷ್ಟು ಸಣ್ಣದೆಂದು ನಾವೂ ಒಮ್ಮೆ ಲೆಕ್ಕ ಹಾಕಬಹುದು. ಹತ್ತು ಕಿಲೋಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಆಕಾಶದ ತುಂಡೊಂದನ್ನು ತೆಗೆದುಕೊಳ್ಳೋಣ. ಶಿಖರದ ಬಳಿ ಹಗಲಿನಲ್ಲಿ ಪ್ರತಿ ಘನ ಮೀಟರಿಗೆ ಸುಮಾರು ಒಂದು ಲಕ್ಷ ಕೋಟಿ ಎಲೆಕ್ಟ್ರಾನುಗಳಿರುತ್ತವೆ. ಆ ತುಂಡಿನೊಳಗಿನ ಎಲ್ಲ ಎಲೆಕ್ಟ್ರಾನುಗಳನ್ನೂ ಕೂಡಿಸಿದರೆ ರೇಡಾರ್‌ನ ಕಣ್ಣಿಗೆ ಅವು ಒಡ್ಡುವ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿನಷ್ಟು, ಅಂದರೆ ಕಿರುಬೆರಳಿನ ಉಗುರಿನಷ್ಟು. ಮುನ್ನೂರು ಕಿಲೋಮೀಟರ್ ಮೇಲೆ, ಬೆಟ್ಟದಷ್ಟು ಜಾಗದಲ್ಲಿ ಪುಡಿಯಾಗಿ ಹರಡಿದ ಒಂದು ಉಗುರನ್ನು ನೋಡುವ ಕೆಲಸ ಅದು.

ಇದರ ಜೊತೆಗೆ ಗಾರ್ಡನ್‌ಗೆ ಇನ್ನೊಂದು ಚಿಂತೆಯೂ ಇತ್ತು. ಎಲೆಕ್ಟ್ರಾನುಗಳು ಸುಮ್ಮನಿರುವ ಜೀವಗಳಲ್ಲ. ಅಲ್ಲಿನ ಸಾವಿರಾರು ಡಿಗ್ರಿ ಶಾಖದಲ್ಲಿ ಅವು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಎತ್ತೆತ್ತಲೋ ಓಡುತ್ತಿರುತ್ತವೆ. ನಮ್ಮತ್ತ ಬರುವ ರೈಲಿನ ಸೀಟಿ ಏರಿ, ದೂರ ಹೋಗುವಾಗ ಇಳಿಯುವಂತೆ, ಪ್ರತಿ ಎಲೆಕ್ಟ್ರಾನಿನ ಮಾರ್ದನಿಯೂ ಒಂದೊಂದು ಶ್ರುತಿಯಲ್ಲಿರುತ್ತದೆ. ಒಟ್ಟು ಮಾರ್ದನಿ ಬಹು ಅಗಲವಾದ ಪಟ್ಟಿಯಲ್ಲಿ ಹರಡಿಬಿಡುತ್ತದೆ. ಅದನ್ನು ಪೂರ್ತಿ ಹಿಡಿಯಬೇಕಾದರೆ ಗ್ರಾಹಕದ ಬಾಗಿಲನ್ನು ಅಷ್ಟೇ ಅಗಲ ತೆರೆದಿಡಬೇಕು. ಬಾಗಿಲು ಅಗಲವಾದಷ್ಟೂ ಆಕಾಶದ ಗದ್ದಲವೂ ಒಳಗೆ ನುಗ್ಗುತ್ತದೆ. ಗದ್ದಲವನ್ನು ಗೆಲ್ಲಬೇಕೆಂದರೆ ಆಂಟೆನಾ ಮಹಾಗಾತ್ರದ್ದಾಗಬೇಕು. ಹೀಗೆ ಗಾರ್ಡನ್ ಲೆಕ್ಕದ ಕೊನೆಯಲ್ಲಿ ಉಳಿದ ಸಂಖ್ಯೆ 1000 ಅಡಿ. ಅಷ್ಟು ವ್ಯಾಸದ ರೇಡಿಯೊ ಬೋಗುಣಿ ಆಗ ಜಗತ್ತಿನಲ್ಲಿ ಇರಲಿಲ್ಲ.

ಈ ಯೋಚನೆಯನ್ನು ಕೇಳಿ ತಿಳಿದಿದ್ದವರಲ್ಲಿ ಕೆನೆತ್ ಬೌಲ್ಸ್ ಒಬ್ಬರು. ಕಾರ್ನೆಲ್‌ನಲ್ಲೇ ಓದಿ, ಆಗ ಕೊಲರಾಡೊದ ಬೋಲ್ಡರ್‌ನಲ್ಲಿದ್ದ ರಾಷ್ಟ್ರೀಯ ಮಾನಕ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ತರುಣ. ಇಲಿನಾಯ್ ಪ್ರಾಂತದ ಹವಾನಾ ಎಂಬ ಸಣ್ಣ ಊರಿನ ಬಳಿ ಬೇರೊಂದು ಕೆಲಸಕ್ಕೆಂದು ಹಾಕಿದ್ದ, 41 ಮೆಗಾಹರ್ಟ್ಸ್‌ನ ಭಾರಿ ಪ್ರಸಾರ ಯಂತ್ರವೊಂದು ಇದೆಯೆಂಬುದು ಅವರಿಗೆ ಗೊತ್ತಿತ್ತು. ಸಾವಿರ ಅಡಿಯ ಬೋಗುಣಿ ಬರುವವರೆಗೆ ಕಾಯುವ ತಾಳ್ಮೆ ಅವರಲ್ಲಿರಲಿಲ್ಲ. ನೆಲದ ಮೇಲೆ ತಂತಿ ಕೋಲುಗಳನ್ನು ಸಾಲಾಗಿ ನಿಲ್ಲಿಸಿ, ಒಂದು ತಾತ್ಕಾಲಿಕ ಆಂಟೆನಾ ಹೂಡಿ, ನೆಟ್ಟಗೆ ಮೇಲಕ್ಕೆ ತರಂಗ ಬಿಟ್ಟರು. ಮಾರ್ದನಿಯನ್ನು ಕೂಡಿಸಿ ತೋರಿಸುವ ಗಣಕಯಂತ್ರ ಅಲ್ಲಿರಲಿಲ್ಲ. ಆಸಿಲೋಸ್ಕೋಪಿನ ಪರದೆಯ ಮುಂದೆ ಕ್ಯಾಮೆರಾ ಇಟ್ಟು, ಅದರ ಕಣ್ಣನ್ನು ಕೆಲವು ಸೆಕೆಂಡು ತೆರೆದಿಟ್ಟು, ಫಿಲ್ಮಿನ ಮೇಲೆಯೇ ಮಾರ್ದನಿಗಳು ಒಂದರ ಮೇಲೊಂದು ಕೂಡುವಂತೆ ಮಾಡಿದರು.

1958ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೇಡಿಯೊ ವಿಜ್ಞಾನಿಗಳ ಸಭೆ. ಗಾರ್ಡನ್ ತಮ್ಮ ಸಿದ್ಧಾಂತವನ್ನು ಮಂಡಿಸುವವರಿದ್ದರು. ಅದಕ್ಕೆ ಸ್ವಲ್ಪ ಮೊದಲು ಬೌಲ್ಸ್ ಅವರಿಂದ ಟೆಲಿಫೋನ್ ಕರೆ ಬಂತು: ಮಾರ್ದನಿ ಸಿಕ್ಕಿದೆ. ಪ್ರಬಂಧ ಮಂಡಿಸುವ ದಿನವೇ ಅದರ ಪುರಾವೆಯೂ ಕೈಗೆ ಬರುವ ಭಾಗ್ಯ ಎಷ್ಟು ಜನರಿಗೆ ದೊರೆತೀತು! ಆದರೆ ಆ ಶುಭವಾರ್ತೆಯ ಮಡಿಲಲ್ಲೇ ಒಂದು ತಿದ್ದುಪಡಿಯೂ ಇತ್ತು. ಮಾರ್ದನಿಯ ಬಲ ಗಾರ್ಡನ್ ಹೇಳಿದಷ್ಟೇ ಇತ್ತು. ಅಗಲ ಮಾತ್ರ ಹೇಳಿದ್ದಕ್ಕಿಂತ ಎಷ್ಟೋ ಕಿರಿದು. ಎಲೆಕ್ಟ್ರಾನುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದರೆ ಮಾರ್ದನಿ ಹೀಗಿರುವುದು ಸಾಧ್ಯವೇ ಇರಲಿಲ್ಲ.

ಕಾರಣವನ್ನು ಬೌಲ್ಸ್ ಆಗಲೇ ಊಹಿಸಿದ್ದರು: ಇದು ಅಯಾನುಗಳ ಕೈವಾಡ. ಮುಂದಿನ ಎರಡು-ಮೂರು ವರ್ಷಗಳಲ್ಲಿ ಡೌಗರ್ಟಿ ಮತ್ತು ಫಾರ್ಲಿ, ಫೇಯರ್, ಸಾಲ್ಪೀಟರ್, ಹಾಗ್ಫೋರ್ಸ್ ಬೇರೆಬೇರೆ ದಾರಿಗಳಿಂದ ಹೊರಟು ಒಂದೇ ಉತ್ತರಕ್ಕೆ ಬಂದು ಸೇರಿದರು. ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಪರಮಾಣು, ಅಂದರೆ ಅಯಾನು, ಎಲೆಕ್ಟ್ರಾನಿಗಿಂತ ಸುಮಾರು 30,000 ಪಟ್ಟು ಭಾರ. ಆದ್ದರಿಂದ ಅದರ ಓಟ ಸುಮಾರು 170 ಪಟ್ಟು ನಿಧಾನ. ಎಲೆಕ್ಟ್ರಾನ್ ಎಷ್ಟೇ ಚುರುಕಾಗಿದ್ದರೂ ವಿದ್ಯುದಾಕರ್ಷಣೆಯಿಂದ ಅಯಾನುಗಳ ಸುತ್ತ ಮೋಡದಂತೆ ಕವಿದುಕೊಳ್ಳುತ್ತದೆ. ಆ ಮೋಡದ ಗಾತ್ರ ಕೆಲವು ಮಿಲಿಮೀಟರ್. ರೇಡಾರ್‌ನ ತರಂಗ ಅದಕ್ಕಿಂತ ಬಹಳ ಉದ್ದ. ಅದಕ್ಕೆ ಬಿಡಿ ಎಲೆಕ್ಟ್ರಾನು ಕಾಣುವುದಿಲ್ಲ, ಅಯಾನಿನೊಂದಿಗೆ ನಿಧಾನವಾಗಿ ತೇಲುವ ಮೋಡ ಕಾಣುತ್ತದೆ. ಜಾತ್ರೆಯಲ್ಲಿ ತೇರಿನ ಸುತ್ತ ಮಕ್ಕಳು ಎಷ್ಟು ಓಡಾಡಿದರೂ, ದೂರದ ಗುಡ್ಡದಿಂದ ನೋಡುವವನಿಗೆ ಕಾಣುವುದು ತೇರಿನ ನಡೆಯೇ.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ‘ಇನ್‌ಕೋಹೆರೆಂಟ್ ಸ್ಕ್ಯಾಟರ್’ ಎಂದು ಹೆಸರು ನಿಂತಿತು, ಅಸಂಬದ್ಧ ಚದುರಿಕೆ ಎಂದು ಹೇಳಬಹುದು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎಲೆಕ್ಟ್ರಾನುಗಳ ಚದುರಿಕೆ ಎಂದು ಗಾರ್ಡನ್ ತಿಳಿದದ್ದರಿಂದ ಬಂದ ಹೆಸರು. ಅವು ಸಂಬಂಧ ಇಟ್ಟುಕೊಂಡಿವೆ ಎಂದು ತಿಳಿದ ಮೇಲೂ ಹೆಸರು ಬದಲಾಗಲಿಲ್ಲ. ಭಾಷೆಯ ವಿದ್ಯಾರ್ಥಿಯಾಗಿದ್ದವನಿಗೆ ಇಂಥ ಹೆಸರುಗಳು ಖುಷಿ ಕೊಡುತ್ತವೆ. ಸಿದ್ಧಾಂತ ಸತ್ತ ಮೇಲೂ ಅದರ ಪಳೆಯುಳಿಕೆ ಪದದಲ್ಲಿ ಉಳಿದುಬಿಡುತ್ತದೆ.

ಲೆಕ್ಕ ತಪ್ಪಿದ್ದರಿಂದ ಆದ ಲಾಭ ಎರಡು ಬಗೆಯದು. ಮೊದಲನೆಯದು ನೇರವಾದದ್ದು: ಪಟ್ಟಿ ಕಿರಿದಾದರೆ ಬಾಗಿಲೂ ಕಿರಿದು, ಗದ್ದಲವೂ ಕಡಿಮೆ, ಆದ್ದರಿಂದ ಸಣ್ಣ ಬೋಗುಣಿಯೇ ಸಾಕು. ಇದು ಬರಿಯ ಮಾತಲ್ಲ. ಮಸಾಚುಸೆಟ್ಸ್‌ನ ಮಿಲ್‌ಸ್ಟೋನ್ ಹಿಲ್‌ನಲ್ಲಿ 1960ರಲ್ಲೇ 84 ಅಡಿಯ ಬೋಗುಣಿಯಿಂದ ಈ ಮಾರ್ದನಿಯನ್ನು ಹಿಡಿದರು. ಎರಡನೆಯ ಲಾಭ ಇನ್ನೂ ದೊಡ್ಡದು. ಗಾರ್ಡನ್ ಎಣಿಸಿದಂತೆಯೇ ಆಗಿದ್ದರೆ ಮಾರ್ದನಿ ಎಲೆಕ್ಟ್ರಾನುಗಳ ಸುದ್ದಿಯನ್ನಷ್ಟೇ ಹೇಳುತ್ತಿತ್ತು. ಅಯಾನುಗಳ ಹಿಡಿತವಿದ್ದುದರಿಂದ ಅದರ ರೂಪದಲ್ಲಿ ಒಂದು ಪುರಾಣವೇ ಅಡಗಿರುವುದು ತಿಳಿಯಿತು. ಒಟ್ಟು ಬಲದಿಂದ ದಟ್ಟಣೆ. ಅಗಲದಿಂದ ಅಯಾನುಗಳ ಉಷ್ಣತೆ ಮತ್ತು ಭಾರ. ಎರಡು ಭುಜಗಳೂ ನಡುವೆ ತಗ್ಗೂ ಇರುವ ಆಕಾರದಲ್ಲಿ ಆ ತಗ್ಗಿನ ಆಳದಿಂದ ಎಲೆಕ್ಟ್ರಾನುಗಳ ಉಷ್ಣತೆ. ಇಡೀ ಆಕಾರ ಅತ್ತಿತ್ತ ಸರಿದದ್ದರಿಂದ ಮೇಲಿನ ಗಾಳಿ ಯಾವ ಕಡೆ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬ ವರದಿ. ನೆಲದ ಮೇಲೆ ಕುಳಿತು, ಏನನ್ನೂ ಮೇಲಕ್ಕೆ ಹಾರಿಸದೆ, ಇಷ್ಟನ್ನು ಇಡೀ ದಿನ ಓದಬಹುದಾಗಿತ್ತು.

ಹಾಗಾದರೆ ಸಾವಿರ ಅಡಿಯ ಯೋಜನೆ ಏನಾಯಿತು? ಅದು ಕುಗ್ಗಲಿಲ್ಲ. ಮೂರು ಪ್ರತಿಗಳ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಒಮ್ಮೆ ಕಡತಕ್ಕೆ ಏರಿದ ಅಂದಾಜು ತಾನಾಗಿ ಇಳಿದದ್ದನ್ನು ಯಾರು ನೋಡಿದ್ದಾರೆ? ಆದರೆ ಇಲ್ಲಿ ಹಟಮಾರಿತನಕ್ಕಿಂತ ಹೆಚ್ಚಿನದು ಇತ್ತು. ಹಣ ಕೊಡುತ್ತಿದ್ದುದು ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾ. ಶೀತಲ ಸಮರದ ನಡುಹಗಲು ಅದು; ಶತ್ರುವಿನ ಕ್ಷಿಪಣಿ ಅಯಾನುಗೋಳವನ್ನು ಸೀಳಿ ಬರುವಾಗ ಅಲ್ಲಿ ಉಳಿಯುವ ಜಾಡನ್ನು ಗುರುತಿಸುವ ಆಸೆ ಅವರದು. ಗಾರ್ಡನ್‌ರ ಮೊದಲ ಯೋಜನೆಯ ಬೋಗುಣಿ ನೆಟ್ಟಗೆ ಮೇಲಕ್ಕೆ ಮಾತ್ರ ನೋಡುವಂಥದು. ಅದನ್ನು ಗೋಳದ ತುಣುಕಿನ ಆಕಾರಕ್ಕೆ ಬದಲಾಯಿಸಿದರೆ, ಬೋಗುಣಿ ಅಲುಗದಿದ್ದರೂ ಮೇಲೆ ತೂಗುವ ಉಪಕರಣವನ್ನು ಸರಿಸಿ ಆಕಾಶದ ನೆತ್ತಿಯಿಂದ 20 ಡಿಗ್ರಿಯವರೆಗೆ ಸುತ್ತಲೂ ನೋಡಬಹುದು ಎಂಬ ಸಲಹೆ ಬಂತು. ಅಲ್ಲಿಗೆ ಗ್ರಹಗಳು, ನಕ್ಷತ್ರಗಳು ಎಲ್ಲವೂ ಅದರ ಪಾಲಿಗೆ ಬಂದವು. ಗ್ರಹಗಳು ನೆತ್ತಿಯ ಮೇಲೆ ಹಾಯುವಂಥ ಉಷ್ಣವಲಯದ ಜಾಗ ಬೇಕಾಯಿತು. ಪೋರ್ಟೊ ರಿಕೊದ ಸುಣ್ಣಕಲ್ಲಿನ ಗುಡ್ಡಗಳ ನಡುವೆ ನಿಸರ್ಗವೇ ತೋಡಿಟ್ಟ ಕುಳಿಯೊಂದು ಹೆಚ್ಚುಕಡಿಮೆ ಬೇಕಾದ ಆಕಾರದಲ್ಲೇ ದೊರೆಯಿತು. ಸುಮಾರು 90 ಲಕ್ಷ ಡಾಲರ್ ವೆಚ್ಚದಲ್ಲಿ ಸಿದ್ಧವಾದ ವೀಕ್ಷಣಾಲಯದ ಉದ್ಘಾಟನೆ 1963ರ ನವೆಂಬರ್ 1ರಂದು ನಡೆಯಿತು. (ಅಂದು ನಮ್ಮ ರಾಜ್ಯೋತ್ಸವ. ಆ ದಿನಾಂಕ ಎಲ್ಲಿ ಕಂಡರೂ ಕಣ್ಣು ನಿಲ್ಲುವುದು ಹೊರನಾಡಿನಲ್ಲಿರುವವರ ದೌರ್ಬಲ್ಯ.) ಎರಡೇ ವರ್ಷಗಳಲ್ಲಿ ಅಲ್ಲಿನ ರೇಡಾರ್ ಬುಧಗ್ರಹ ತನ್ನ ಸುತ್ತ ತಿರುಗಲು 88 ದಿನವಲ್ಲ, 59 ದಿನ ತೆಗೆದುಕೊಳ್ಳುತ್ತದೆಂದು ತೋರಿಸಿ ಪಠ್ಯಪುಸ್ತಕಗಳನ್ನು ತಿದ್ದಿಸಿತು.

ಒಂದು ತಪ್ಪು ಲೆಕ್ಕದಿಂದ ಜಗತ್ತಿಗೆ ಒಂದು ಮಹಾಯಂತ್ರ ದೊರೆಯಿತು ಎಂದು ಕಥೆಯನ್ನು ಇಲ್ಲಿಗೆ ಮುಗಿಸುವವರಿದ್ದಾರೆ. ನನಗೆ ಅದು ಅರ್ಧ ಕಥೆಯೆನಿಸುತ್ತದೆ. ಲೆಕ್ಕವನ್ನು ತಿದ್ದಿದ ಬೌಲ್ಸ್ ಎಲ್ಲಿ ಹೋದರು?

ಅವರು ಪೆರು ದೇಶಕ್ಕೆ ಹೋದರು. ರಾಜಧಾನಿ ಲೀಮಾದಿಂದ ಸ್ವಲ್ಪವೇ ದೂರದಲ್ಲಿ, ಬೋಳು ಗುಡ್ಡಗಳು ಸುತ್ತುವರಿದ ಹಿಕಾಮಾರ್ಕಾ ಎಂಬ ಒಣ ಕಣಿವೆ. ಗುಡ್ಡಗಳು ನಗರದ ರೇಡಿಯೊ ಗದ್ದಲವನ್ನು ತಡೆಯುತ್ತವೆ. ಅಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲೇ ಬೌಲ್ಸ್ ಕಟ್ಟಿಸಿದ್ದು ಬೋಗುಣಿಯನ್ನಲ್ಲ. ಸುಮಾರು 300 ಮೀಟರ್ ಉದ್ದಗಲದ ಚೌಕದಲ್ಲಿ, ಹೆಚ್ಚುಕಡಿಮೆ ಆಳೆತ್ತರದಲ್ಲಿ, 18,432 ಸರಳ ಡೈಪೋಲ್‌ಗಳ ಬಯಲು. ತೂಗುವ ವೇದಿಕೆಯಿಲ್ಲ, ತಿರುಗುವ ಭಾಗವಿಲ್ಲ. ಕಿರಣದ ದಿಕ್ಕು ಬದಲಿಸಬೇಕೆಂದರೆ ಬಯಲಿಗೆ ಇಳಿದು ಕೇಬಲ್ಲುಗಳ ಉದ್ದವನ್ನು ಕೈಯಿಂದ ಬದಲಿಸಬೇಕಿತ್ತು. ಹವಾನಾದ ತಾತ್ಕಾಲಿಕ ಏರ್ಪಾಟೇ ಇಲ್ಲಿ ದೊಡ್ಡದಾಗಿ ಬೆಳೆದಂತಿತ್ತು. 1969ರಲ್ಲಿ ಅಮೆರಿಕದವರು ಅದನ್ನು ಪೆರುವಿನ ಭೂಭೌತ ಸಂಸ್ಥೆಗೆ ಒಪ್ಪಿಸಿದರು. ಬೌಲ್ಸ್ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊಗೆ ಹೋಗಿ ಗಣಕ ವಿಜ್ಞಾನದತ್ತ ತಿರುಗಿದರು. 1980ರ ದಶಕದಲ್ಲಿ ಕಂಪ್ಯೂಟರ್ ಕಲಿತ ನಮ್ಮ ಬಳಗದ ಹಿರಿಯರಲ್ಲಿ ಕೆಲವರಿಗೆ ‘ಯುಸಿಎಸ್‌ಡಿ ಪ್ಯಾಸ್ಕಲ್’ ನೆನಪಿರಬಹುದು. ಅದರ ಹಿಂದಿದ್ದವರು ಇದೇ ಬೌಲ್ಸ್.

ಪೆರುವನ್ನು ಆರಿಸಿದ್ದಕ್ಕೆ ಕಾರಣ ಕಾಂತ ಸಮಭಾಜಕ. ಭೂಮಿಯ ಕಾಂತಕ್ಷೇತ್ರದ ರೇಖೆಗಳು ನೆಲಕ್ಕೆ ಸಮನಾಗಿ ಮಲಗುವುದು ಈ ಗೆರೆಯ ಮೇಲೆ. ಅಲ್ಲಿ ನೆಟ್ಟಗೆ ಮೇಲಕ್ಕೆ ಹೋದ ಕಿರಣ ಆ ರೇಖೆಗಳನ್ನು ಲಂಬವಾಗಿ ಕತ್ತರಿಸುತ್ತದೆ. ಆಗ ಮಾರ್ದನಿ ಇನ್ನಷ್ಟು ಕಿರಿದಾಗಿ, ಅಯಾನುಗೋಳ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಸೆಕೆಂಡಿಗೆ ಒಂದೆರಡು ಮೀಟರಿನ ನಿಖರತೆಯಲ್ಲಿ ಅಳೆಯಬಹುದು. ಆ ವಿಧಾನವನ್ನು ರೂಪಿಸಿದವರು ಪೆರುವಿನವರೇ ಆದ ರೊನಾಲ್ಡ್ ವುಡ್‌ಮನ್.

ಇದೇ ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೂ ಹಾಯುತ್ತದೆ. ತುಂಬಾದಿಂದ ಮೊದಲ ರಾಕೆಟ್ಟನ್ನು ಹಾರಿಸಿದ್ದು ಆ ಕಾರಣಕ್ಕೇ. 1963ರ ನವೆಂಬರ್ 21, ಅರೆಸಿಬೊ ಉದ್ಘಾಟನೆಯಾದ ಇಪ್ಪತ್ತನೆಯ ದಿನ. ಹಿಕಾಮಾರ್ಕಾ ಅಳೆದದ್ದರಲ್ಲಿ ನಮ್ಮವರ ಹಳೆಯ ಪ್ರಶ್ನೆಯೊಂದೂ ಇತ್ತು. ಎಲೆಕ್ಟ್ರಾನುಗಳ ದಟ್ಟಣೆ ಸೂರ್ಯ ನೆತ್ತಿಯ ಮೇಲಿರುವ ಸಮಭಾಜಕದಲ್ಲಿ ಅತಿ ಹೆಚ್ಚು ಇರಬೇಕು ತಾನೆ? ಇಲ್ಲ. ಅದರ ಎರಡೂ ಬದಿ, ಹದಿನೈದು-ಇಪ್ಪತ್ತು ಡಿಗ್ರಿ ದೂರದಲ್ಲಿ ಹೆಚ್ಚು. ಭಾರತದಲ್ಲಿ ಹೇಳುವುದಾದರೆ ತಿರುವನಂತಪುರಕ್ಕಿಂತ ಅಹಮದಾಬಾದ್, ಕೋಲ್ಕತ್ತಗಳ ಮೇಲೆ ಹೆಚ್ಚು. ಸಮಭಾಜಕದ ಮೇಲೆ ಬಹಳ ಎತ್ತರದಲ್ಲಿ ಹುಟ್ಟಿದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಎರಡೂ ಬದಿಗೆ ಜಾರುತ್ತವೆ ಎಂದು ಕಲ್ಕತ್ತಾದ ಶಿಶಿರ್ ಕುಮಾರ್ ಮಿತ್ರ 1946ರಲ್ಲೇ ಸೂಚಿಸಿದ್ದರು. ಮರುವರ್ಷ ಅವರು ಹೊರತಂದ ‘ದಿ ಅಪ್ಪರ್ ಅಟ್ಮಾಸ್ಫಿಯರ್’ ಎಂಬ ಬೃಹದ್ಗ್ರಂಥ ಒಂದು ತಲೆಮಾರಿನ ಆಕರವಾಯಿತು. ಜಾರುವುದು ನಿಜ, ಆದರೆ ಅಷ್ಟು ಎತ್ತರಕ್ಕೆ ಅವನ್ನು ಎತ್ತುವವರಾರು ಎಂಬ ಭಾಗವನ್ನು ಬೇರೆಯವರು ತುಂಬಬೇಕಾಯಿತು. ಹಗಲಿನಲ್ಲಿ ಅಲ್ಲಿನ ವಿದ್ಯುತ್ ಕ್ಷೇತ್ರ ಇಡೀ ಪದರವನ್ನೇ ಮೇಲಕ್ಕೆತ್ತುತ್ತದೆ, ಕಾರಂಜಿಯಂತೆ. ಆ ಏರಿಕೆ ಸೆಕೆಂಡಿಗೆ ಸುಮಾರು 20 ಮೀಟರ್ ಎಂದು ನೇರವಾಗಿ ಅಳೆದು ತೋರಿಸಿದ್ದು ಹಿಕಾಮಾರ್ಕಾ.

ಸೂರ್ಯ ಮುಳುಗುವ ಹೊತ್ತಿಗೆ ಆ ಏರಿಕೆ ಒಮ್ಮೆ ರಭಸಗೊಂಡು, ಆಮೇಲೆ ಇಳಿತಕ್ಕೆ ತಿರುಗುತ್ತದೆ. ಪದರದ ಕೆಳಗಿನ ಅಂಚು ಬೇಗ ಕರಗಿಹೋಗುವುದರಿಂದ, ದಟ್ಟವಾದದ್ದು ಮೇಲೆ, ತೆಳುವಾದದ್ದು ಕೆಳಗೆ ಎಂಬ ಸ್ಥಿತಿ ಉಂಟಾಗುತ್ತದೆ. ಎಣ್ಣೆಯ ಮೇಲೆ ನೀರು ಸುರಿದಂತೆ, ನಿಲ್ಲಲಾರದು. ಕೆಳಗಿನ ತೆಳುಭಾಗ ಗುಳ್ಳೆಗಳಾಗಿ ಮೇಲೇಳುತ್ತದೆ. 1976ರಲ್ಲಿ ವುಡ್‌ಮನ್ ಮತ್ತು ಲಾ ಹೋಸ್ ಹಿಕಾಮಾರ್ಕಾದ ರೇಡಾರಿನಿಂದ ಈ ಗುಳ್ಳೆಗಳ ಚಿತ್ರವನ್ನೇ ತೆಗೆದರು. ಕೆಳಗಿನಿಂದ ಹೊಗೆಯ ಜಡೆಗಳಂತೆ ಎದ್ದು ನೂರಾರು ಕಿಲೋಮೀಟರ್ ಮೇಲೇರುವ ಆಕೃತಿಗಳು. ಉಪಗ್ರಹದ ಸಂಕೇತ ಇವುಗಳ ನಡುವೆ ಹಾದುಬಂದಾಗ, ಬಿಸಿಲಿನ ರಸ್ತೆಯ ಮೇಲಿನ ನೋಟದಂತೆ ನಡುಗುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ, ವಿಶೇಷವಾಗಿ ವಿಷುವತ್ತಿನ ತಿಂಗಳುಗಳಲ್ಲಿ, ರಾತ್ರಿ ಎಂಟರಿಂದ ನಡುರಾತ್ರಿಯವರೆಗೆ ನಮ್ಮ ನೆತ್ತಿಯ ಮೇಲೂ ಇದು ನಡೆಯುತ್ತದೆ. ವಿಮಾನಗಳಿಗೆ ದಾರಿ ತೋರುವ ‘ಗಗನ್’ ವ್ಯವಸ್ಥೆಯನ್ನು ರೂಪಿಸಿದವರಿಗೆ ಭಾರತದ ಅಯಾನುಗೋಳವೇ ಕಠಿಣ ಸಮಸ್ಯೆಯಾಗಿ ಕಾಡಿದ್ದು ಈ ಕಾರಂಜಿ ಮತ್ತು ಗುಳ್ಳೆಗಳಿಂದಲೇ.

ಹಿಕಾಮಾರ್ಕಾದಿಂದ ನಮಗೆ ಇನ್ನೂ ನೇರವಾದ ಒಂದು ಕೊಡುಗೆ ಇದೆ. 1974ರಲ್ಲಿ ವುಡ್‌ಮನ್ ಮತ್ತು ಗಿಯೆನ್ ಅದೇ ರೇಡಾರ್ ಅಯಾನುಗೋಳಕ್ಕಿಂತ ಎಷ್ಟೋ ಕೆಳಗಿನ ಗಾಳಿಯ ಸುಳಿಗಳನ್ನೂ ನೋಡಬಲ್ಲದೆಂದು ತೋರಿಸಿದರು. ಮಳೆಮೋಡದ ಪದರದಿಂದ ಹಿಡಿದು ಮಧ್ಯಗೋಳದವರೆಗೆ ಗಾಳಿಯನ್ನು ಅಳೆಯುವ ಎಂಎಸ್‌ಟಿ ರೇಡಾರ್ ಎಂಬ ಹೊಸ ಜಾತಿ ಅಲ್ಲಿಂದ ಹುಟ್ಟಿತು. ಭಾರತದ ಎಂಎಸ್‌ಟಿ ರೇಡಾರ್ ಇರುವುದು ಗಡಂಕಿಯಲ್ಲಿ, ತಿರುಪತಿಯಿಂದ ಚಿತ್ತೂರಿನ ಕಡೆಗೆ ಗಂಟೆಯೊಳಗಿನ ಹಾದಿ. ತಿಮ್ಮಪ್ಪನ ದರ್ಶನ ಮುಗಿಸಿ ಬೆಂಗಳೂರಿನತ್ತ ಹೊರಟ ನಮ್ಮವರು ಎಷ್ಟು ಸಲ ಅದರ ಪಕ್ಕದಲ್ಲೇ ನಿದ್ರಿಸುತ್ತ ಸಾಗಿದ್ದೇವೆಯೋ! ಅದನ್ನು ಕಟ್ಟಿದ್ದು ಮುಂಬಯಿಯ ಪವಾಯಿಯಲ್ಲಿರುವ ಸಮೀರ್ ಸಂಸ್ಥೆ. ಕೆಲಸ ನಡೆದ ವರ್ಷಗಳಲ್ಲಿ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. 1990ರ ದಶಕದ ಆರಂಭದಲ್ಲಿ ಅದು ಕೆಲಸಕ್ಕೆ ನಿಂತಿತು: 53 ಮೆಗಾಹರ್ಟ್ಸ್, 130 ಮೀಟರ್ ಉದ್ದಗಲದ ಬಯಲು, 1024 ಯಾಗಿ ಆಂಟೆನಾಗಳು. ಹಳೆಯ ದೂರದರ್ಶನದ ಕಾಲದಲ್ಲಿ ನಮ್ಮ ಮಾಳಿಗೆಗಳ ಮೇಲೆ ಕಾಗೆಗಳು ಕೂರುತ್ತಿದ್ದ ಆಂಟೆನಾಗಳ ವಂಶವೇ.

ಗಡಂಕಿ ಕಾಂತ ಸಮಭಾಜಕದಿಂದ ಸ್ವಲ್ಪ ಉತ್ತರಕ್ಕಿದೆ. ಅಲ್ಲಿ ಕಾಂತರೇಖೆಗಳು ಪೂರ್ತಿ ಮಲಗಿರುವುದಿಲ್ಲ. ಆದ್ದರಿಂದ ಸಂಜೆಯ ಗುಳ್ಳೆಗಳನ್ನು ನೋಡಬೇಕಾದಾಗ ಕಿರಣವನ್ನು ನೆತ್ತಿಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಬಾಗಿಸುತ್ತಾರೆ. ಬಾಗಿಸುವುದೆಂದರೆ ಏನನ್ನೂ ಎತ್ತಿ ಇಳಿಸುವುದಿಲ್ಲ. ಒಂದೊಂದು ಸಾಲಿಗೂ ತರಂಗ ತಲುಪುವ ಹೊತ್ತನ್ನು ಕೂದಲೆಳೆಯಷ್ಟು ಹಿಂದುಮುಂದು ಮಾಡುತ್ತಾರೆ, ಅಷ್ಟೆ. ಬಯಲಿನಲ್ಲಿ ಯಾವುದೂ ಅಲುಗಿದಂತೆ ಕಾಣುವುದಿಲ್ಲ.